ಯಾಗಿರಿ ಕಡವು: ಆರು ವರ್ಷ ದೋಣಿ ಹತ್ತಿದ ಮೇಲೆ

ಮೊದಲ ಸಲ ಹೋಗಿ ಬಂದಾಗ ಗೆಳೆಯರಿಗೆಲ್ಲ ಹೇಳಿದ್ದೆ, ‘ಅಲ್ಲಿ ಏನೂ ಇಲ್ಲ, ಹೋಗಬೇಡಿ’ ಅಂತ. ಟೋಕಿಯೋದ ಶಿಬಾಮಾತಾದಲ್ಲಿ ಹತ್ತಿದರೆ ಎದೊ ನದಿ ದಾಟಿಸಿ ಪಕ್ಕದ ಚಿಬಾ ಪ್ರಾಂತ್ಯದ ಮಾತ್ಸುದೊ ಊರಿನ ಯಾಗಿರಿಯಲ್ಲಿ ಇಳಿಸುವ ದೋಣಿ. ನಾಲ್ಕು ಫೋಟೊ ತೆಗೆಯುವುದರೊಳಗೆ ಆಚೆ ದಡ. ಅಲ್ಲಿ ನೋಡಿದರೆ ಬರೀ ಹೊಲ. ಬಂದ ದೋಣಿಯಲ್ಲೇ ಗೊಣಗುತ್ತ ವಾಪಸಾಗಿದ್ದೆ.

ಎರಡನೇ ಸಲ ಮುಂದೆ ಜಾಗ ಸಿಗದೆ ಅಂಬಿಗನ ಕಾಲ ಬಳಿ ಕೂತೆ. ನನ್ನ ಅಭಿಪ್ರಾಯ ಬದಲಾದದ್ದು ಅಲ್ಲೇ.

ನಮ್ಮ ಕರಾವಳಿಯ ತಾರಿಗಳಲ್ಲಿ ಚಿಕ್ಕಂದಿನಲ್ಲಿ ನೋಡಿದ್ದು ಗಳ ಊರಿ ನೂಕುವುದು, ಇಲ್ಲವೇ ಹುಟ್ಟು ಎತ್ತಿ ಎತ್ತಿ ಹಾಕುವುದು. ಇಲ್ಲಿಯ ಹುಟ್ಟಿಗೆ ‘ರೋ’ ಅಂತಾರೆ. ದೋಣಿಯ ಹಿಂಬದಿಗೆ ಒಂದೇ ಒಂದು, ಉದ್ದನೆಯದು. ನೀರಿನಿಂದ ಮೇಲೇಳುವುದೇ ಇಲ್ಲ. ಅಂಬಿಗ ನಿಂತುಕೊಂಡೇ ಅದನ್ನು ತಳ್ಳುತ್ತಾನೆ, ಎಳೆಯುತ್ತಾನೆ. ಪ್ರತಿ ಸಲವೂ ಮಣಿಕಟ್ಟು ತುಸು ಹೊರಳುತ್ತದೆ, ನೀರೊಳಗಿನ ಅಲಗು ಓರೆಯಾಗುತ್ತದೆ, ಮೀನು ಬಾಲ ಆಡಿಸಿದ ಹಾಗೆ ದೋಣಿ ಸರಿಯುತ್ತದೆ. ಹಿಡಿಗೆ ಕಟ್ಟಿದ ಹಗ್ಗ ಕೆಳಗೆ ದೋಣಿಗೇ ಬಿಗಿದಿರುವುದರಿಂದ ರೋ ಮೇಲಕ್ಕೆ ಚಿಮ್ಮುವುದಿಲ್ಲ. ಅದು ಕೂತಿರುವ ಗೂಟದ ಹತ್ತಿರ ‘ಕಿರ್ರ್’, ಅದರ ಬೆನ್ನಿಗೇ ಅಡಿಯಲ್ಲಿ ‘ಗುಳುಕ್’. ಕಿರ್ರ್, ಗುಳುಕ್. 1996ರಲ್ಲಿ ಜಪಾನಿನ ಪರಿಸರ ಇಲಾಖೆ ದೇಶದಲ್ಲಿ ಉಳಿಸಿಕೊಳ್ಳಬೇಕಾದ ನೂರು ಸದ್ದುಗಳ ಪಟ್ಟಿ ಮಾಡಿದಾಗ ಈ ಕಡವನ್ನೂ ಸೇರಿಸಿತ್ತಂತೆ. ನನಗೆ ಗೊತ್ತಾದದ್ದು ಆಮೇಲೆ; ಅಷ್ಟರಲ್ಲಿ ಕಿವಿಗೆ ಚಟ ಹತ್ತಿತ್ತು.

ಈಗ ಎಲ್ಲ ಲೆಕ್ಕಾಚಾರದ ಪ್ರಕಾರ. ಕೇಸೇಯಿ ರೈಲಿಂದ ಶಿಬಾಮಾತಾದಲ್ಲಿ ಇಳಿದು, ತೈಶಾಕುತೆನ್ ದೇವಸ್ಥಾನದ ಮುಂದಿನ ಬೀದಿಯಲ್ಲಿ ಸೊಪ್ಪು ಬೆರೆಸಿದ ಹಸಿರು ಹಿಟ್ಟಿನುಂಡೆ, ಅಂದರೆ ಕುಸಾ ದಾಂಗೊ, ತಿಂದು ನದಿಯ ಏರಿ ಹತ್ತುತ್ತೇನೆ. ಚಿಲ್ಲರೆ ಮೊದಲೇ ಅಂಗಿ ಜೇಬಿಗೆ. ಫೋನು ಬ್ಯಾಗಿನ ತಳಕ್ಕೆ. ಎಲ್ಲರೂ ಮುಂದಕ್ಕೆ ನುಗ್ಗುವುದರಿಂದ ಹಿಂದಿನ ಜಾಗ ಸಾಮಾನ್ಯವಾಗಿ ನನಗೇ.

ಸಿಟ್ಟು ಬರುವುದು ಜೊತೆಗಿರುವವರ ಮೇಲೆ. ಭಾನುವಾರ ಯಾರಾದರೊಬ್ಬರು ಸ್ಪೀಕರ್ ಹಾಕಿ ವಿಡಿಯೊ ಕಾಲ್ ಶುರು ಮಾಡಿದರೆ ಮುಗೀತು, ಅಷ್ಟು ದೂರ ಬಂದದ್ದೆಲ್ಲ ದಂಡ. ವಾರದ ದಿನ ರಜೆ ಹಾಕಿ ಹೋಗೋಣ ಅಂದರೆ ಚಳಿಗಾಲದಲ್ಲಿ ಶನಿವಾರ, ಭಾನುವಾರ, ಹಬ್ಬದ ದಿನ ಬಿಟ್ಟರೆ ದೋಣಿ ಇಲ್ಲ. ಗಾಳಿ ಮಳೆ ಜೋರಾದರೆ ಯಾವ ಕಾಲದಲ್ಲೂ ಇಲ್ಲ. ಮೂರು ಸಲ ಏರಿಯ ಮೇಲಿಂದಲೇ ವಾಪಸಾಗಿದ್ದೇನೆ. ಕೆಲಸಕ್ಕೆ ಹೋಗಿ ಬರುವವರು ಈ ದೋಣಿಯನ್ನು ನೆಚ್ಚಿಕೊಳ್ಳಬೇಡಿ.

ಇನ್ನು ನನ್ನ ಜಿಪುಣತನದ ವಿಷಯ. ಹೋಗಲೊಂದು, ಬರಲೊಂದು ಅಂತ ಎರಡು ಟಿಕೆಟ್ ಬೇಕು. ಒಂದನ್ನು ಉಳಿಸೋಣ ಅಂತ ಒಮ್ಮೆ ಆಚೆ ದಡದಿಂದ ಯಾಗಿರಿ ರೈಲು ನಿಲ್ದಾಣದವರೆಗೆ ನಡೆದೆ. ಮೊದಲ ದಿನ ‘ಬರೀ ಹೊಲ’ ಅಂದಿದ್ದೆನಲ್ಲ, ಅದು ನೆಗಿ ಬೆಳೆಯುವ ಹೊಲ. ನೆಗಿ ಅಂದರೆ ಉದ್ದ ದಂಟಿನ ಈರುಳ್ಳಿ. ದಂಟು ಬೆಳ್ಳಗಾಗಲಿ ಅಂತ ಬುಡಕ್ಕೆ ಮಣ್ಣು ಏರಿಸುತ್ತ ಹೋಗುತ್ತಾರೆ. ದೋಣಿ ಹುಟ್ಟಿದ್ದೂ ಇಂಥ ಹೊಲಗಳಿಗಾಗಿಯೇ. ಸುಮಾರು ನಾನೂರು ವರ್ಷದ ಹಿಂದೆ ಶುರುವಾದ ತೊಕುಗಾವಾ ಸೇನಾಧಿಪತಿಗಳ ಆಳ್ವಿಕೆಯಲ್ಲಿ ಈ ನದಿ ಅವರ ಎದೊ ಪಟ್ಟಣದ, ಅಂದರೆ ಈಗಿನ ಟೋಕಿಯೋದ, ಕಾವಲು ಗೆರೆ. ಕಂಡಕಂಡವರು ದಾಟುವ ಹಾಗಿರಲಿಲ್ಲ. ಎರಡೂ ದಡದಲ್ಲಿ ಜಮೀನಿದ್ದ ರೈತರಿಗೆ ಮಾತ್ರ ಓಡಾಡಲು ಬಿಟ್ಟಿದ್ದರು. ಪ್ರವಾಸಿಗರು ಬಂದದ್ದು ಎಷ್ಟೋ ಕಾಲದ ನಂತರ.

ಈಗ ಯಾವಾಗಲೂ ಒಂದೇ ಟಿಕೆಟ್, ಆಮೇಲೆ ಯಾಗಿರಿ ನಿಲ್ದಾಣಕ್ಕೆ ನಡಿಗೆ. ಮಳೆ ಬಂದ ಮಾರನೇ ದಿನವಾದರೆ ಹಳೇ ಶೂ ಹಾಕಿಕೊಂಡು ಹೋಗಿ, ಹೊಲದ ಬದಿಯ ಕೆಸರು ಬಿಡುವುದಿಲ್ಲ.