1946ರ ಏರಾಂಕಾ ಚೀಫ್: ಏಳು ವರ್ಷ ಸಾಕಿದವನ ಅನಿಸಿಕೆ

ಕಳೆದ ವಾರ ಅಡಿಕೆ ಕೊನೆ ತೆಗೆಸುವ ಗಡಿಬಿಡಿಯಲ್ಲಿದ್ದೆ. ಅಕ್ಕನ ಮಗನ ಫೋನು ಬಂತು. ಹುಡುಗ ಅಮೆರಿಕದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾನೆ.

"ಮಾವ, ಇಲ್ಲೊಂದು ಏರಾಂಕಾ ಚೀಫ್ ವಿಮಾನ ಮಾರಾಟಕ್ಕಿದೆ. ನೀವು ಇಟ್ಕೊಂಡಿದ್ದು ಅದೇ ಅಲ್ವಾ? ನಾವು ಮೂರು ಜನ ಸೇರಿ ತಗೊಳ್ಳೋಣ ಅಂತಿದ್ದೀವಿ. ಹೆಂಗೆ ಅದು?"

ಸಂಜೆ ಹೇಳುತ್ತೇನೆ ಅಂದೆ. ಸಂಜೆಗೆ ನೆಟ್‌ವರ್ಕ್ ಹೋಯಿತು. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ದಿನ ಬರಲೇ ಇಲ್ಲ. ಅಷ್ಟರಲ್ಲಿ ಅವನಿಗೆ ಹೇಳಬೇಕಾದ್ದೆಲ್ಲ ತಲೆಯಲ್ಲಿ ರಾಶಿ ಬಿದ್ದಿತ್ತು. ಬರೆದೇ ಬಿಡೋಣ ಅನ್ನಿಸಿತು.

ಮೊದಲು ನನ್ನ ವಿಷಯ. ಒಹಾಯೋ ರಾಜ್ಯದ ಡೇಟನ್ ಹತ್ತಿರ ಕೆಲಸದಲ್ಲಿದ್ದೆ. ರೈಟ್ ಸಹೋದರರ ಊರು ಅದು. ಅವರು 1904 ಮತ್ತು 1905ರಲ್ಲಿ ಅಭ್ಯಾಸ ಮಾಡಿದ ಹಫ್‌ಮನ್ ಪ್ರೇರಿ ಮೈದಾನ ಈಗಲೂ ಇದೆ. ಅಲ್ಲಿ ಹೋಗಿ ನಿಂತರೆ ಬರೀ ಹುಲ್ಲು. 2011ರಲ್ಲಿ ನಾನೂ ಒಬ್ಬ ನಿವೃತ್ತ ಲೇತ್ ಕೆಲಸಗಾರರೂ ಸೇರಿ ಈ ವಿಮಾನ ಕೊಂಡೆವು. ತಲಾ 9,500 ಡಾಲರ್. 2018ರಲ್ಲಿ ಅಪ್ಪಯ್ಯನಿಗೆ ಕೈಲಾಗದೆ ತೋಟ ನೋಡಲು ಊರಿಗೆ ಬಂದೆ, ನನ್ನ ಪಾಲು ಮಾರಿದೆ. ಏಳು ವರ್ಷದಲ್ಲಿ ನನ್ನ ಲಾಗ್‌ಬುಕ್ಕಿನಲ್ಲಿ ಸೇರಿದ್ದು 311 ಗಂಟೆ.

ಇನ್ನು ವಿಮಾನ. ಏರಾಂಕಾ ಕಂಪನಿ ಒಹಾಯೋದ ಮಿಡಲ್‌ಟೌನ್‌ನದು. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಎಲ್ಲರಿಗೂ ಒಂದೇ ಭ್ರಮೆ: ಯುದ್ಧದಿಂದ ಬಂದ ಹುಡುಗರೆಲ್ಲ ಮನೆಗೊಂದು ವಿಮಾನ ಕೊಳ್ಳುತ್ತಾರೆ ಅಂತ. 1946ರಲ್ಲಿ ಕಾರ್ಖಾನೆಗಳು ರಾಶಿ ರಾಶಿ ತಯಾರಿಸಿದವು. ಮರುವರ್ಷವೇ ಮಾರುಕಟ್ಟೆ ಬಿದ್ದುಹೋಯಿತು. ಅಡಿಕೆ ಬೆಳೆಯುವ ನಮಗೆ ಈ ಕಥೆ ಹೊಸದಲ್ಲ. ಏರಾಂಕಾದವರು 1951ರ ಹೊತ್ತಿಗೆ ಸಣ್ಣ ವಿಮಾನ ಮಾಡುವುದನ್ನೇ ನಿಲ್ಲಿಸಿದರು. ಆದರೆ ಆ ಒಂದೆರಡು ವರ್ಷದಲ್ಲಿ ಅಷ್ಟು ಮಾಡಿಟ್ಟಿದ್ದರಿಂದಲೇ ಇವತ್ತಿಗೂ ಇವು ಸಿಗುತ್ತವೆ, ಬಿಡಿಭಾಗಗಳೂ ಸಿಗುತ್ತವೆ. ಅದೇ ಕಂಪನಿಯ ಚಾಂಪ್ ಅನ್ನುವ ವಿಮಾನಕ್ಕೂ ಇದಕ್ಕೂ ಬಹಳಷ್ಟು ಭಾಗ ಒಂದೇ. ಚಾಂಪ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಕೂರಬೇಕು, ಚೀಫ್‌ನಲ್ಲಿ ಅಕ್ಕಪಕ್ಕ.

ನನಗೆ ಚೀಫೇ ಬೇಕಿತ್ತು. ಕಾರಣ ಬೆಂಗಳೂರಿನದು. ಕಾಲೇಜಿನಲ್ಲಿದ್ದಾಗ ಜಕ್ಕೂರು ವಿಮಾನ ಮೈದಾನದ ಬೇಲಿ ಪಕ್ಕ ಸೈಕಲ್ ನಿಲ್ಲಿಸಿಕೊಂಡು ಪುಷ್ಪಕ್ ವಿಮಾನ ನೋಡುತ್ತಿದ್ದೆ. ಎಚ್‌ಎಎಲ್‌ನವರು ಮಾಡಿದ್ದು, 1958ರಲ್ಲಿ ಮೊದಲು ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಲ್ಲ ನೂರೈವತ್ತರಷ್ಟು ಹೋದವು. ಚೀಫ್ ಪಕ್ಕ ಪುಷ್ಪಕ್ ಚಿತ್ರ ಇಟ್ಟು ನೋಡಿ, ಅಣ್ಣ ತಮ್ಮ ಇದ್ದಂತೆ. ನಮ್ಮ ಪುಷ್ಪಕ್‌ನ ಇಂಜಿನ್ ಸ್ವಲ್ಪ ದೊಡ್ಡದು, 90 ಅಶ್ವಶಕ್ತಿ. ಪುರಾಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ಇವೆರಡರಲ್ಲೂ ಇಬ್ಬರು ಕೂತರೆ ಭುಜಕ್ಕೆ ಭುಜ ಉಜ್ಜುತ್ತದೆ.

ಬಟ್ಟೆಯ ವಿಮಾನ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಪಕ್ಕದ ಮನೆಯವರು ಫೋಟೋ ನೋಡಿ "ತಮಾಷೆ ಮಾಡ್ತೀರಾ" ಅಂದರು. ಒಳಗೆ ಸ್ಟೀಲ್ ಪೈಪಿನ ಚೌಕಟ್ಟು. ರೆಕ್ಕೆಯ ಉದ್ದಕ್ಕೂ ಮರದ ತೊಲೆ. ಅದರ ಮೇಲೆ ಬಟ್ಟೆ ಬಿಗಿದು, ಇಸ್ತ್ರಿ ಪೆಟ್ಟಿಗೆ ಹಾಯಿಸಿ ಕುಗ್ಗಿಸಿ, ಬಣ್ಣ ಬಳಿದಿರುತ್ತಾರೆ. ನಿಜವಾಗಿ ಇಸ್ತ್ರಿ ಪೆಟ್ಟಿಗೆಯೇ. ಹಿಂದೆ ಹತ್ತಿ ಬಟ್ಟೆ ಇತ್ತು, ಈಗ ಪಾಲಿಯೆಸ್ಟರ್. ಬೆರಳಲ್ಲಿ ತಟ್ಟಿದರೆ ಮದ್ದಳೆಯ ಹಾಗೆ ನುಡಿಯಬೇಕು. ನುಡಿಯದಿದ್ದರೆ ಬೆಲೆಯಲ್ಲಿ ಚೌಕಾಶಿ ಮಾಡಿ. ಪೂರ್ತಿ ಬಟ್ಟೆ ಬದಲಾಯಿಸುವ ಖರ್ಚು ಎಷ್ಟೋ ಸಲ ವಿಮಾನದ ಬೆಲೆಯನ್ನೇ ಮುಟ್ಟುತ್ತದೆ.

ತೊಲೆ ನೋಡುವುದು ಇನ್ನೂ ಮುಖ್ಯ. ರೆಕ್ಕೆಯ ಸಣ್ಣ ಕಿಂಡಿಗಳಿಂದ ಬ್ಯಾಟರಿ ದೀಪ, ಕನ್ನಡಿ ಹಿಡಿದು ಒಳಗೆ ಬಿರುಕು ಹುಡುಕಬೇಕು. ಮರದ ಅಡ್ಡಕ್ಕೆ ಕೂದಲೆಳೆಯಷ್ಟು ಗೆರೆ ಕಂಡರೂ ಆ ರೆಕ್ಕೆ ಹಾರುವ ಹಾಗಿಲ್ಲ. ಹಳೆಯ ಮನೆಯ ಜಂತಿ ತಟ್ಟಿ ಗೆದ್ದಲು ಹುಡುಕಿದ ಅನುಭವ ಇದ್ದಿದ್ದರಿಂದ ನನಗೆ ಈ ಕೆಲಸ ಖುಷಿ ಕೊಟ್ಟಿತು. ನಾವು ಮೊದಲು ತಪಾಸಣೆಗೆ ಕರೆದ ಮೆಕ್ಯಾನಿಕ್‌ಗೆ ಆ ಖುಷಿ ಇರಲಿಲ್ಲ. ಮರ, ಬಟ್ಟೆ ಎರಡೂ ತನಗೆ ಗೊತ್ತಿಲ್ಲ ಅಂತ ಆತ ಬಾಯಿಬಿಟ್ಟಿದ್ದು ಬಿಲ್ ಕೊಟ್ಟ ಮೇಲೆ. ಇಂಥ ವಿಮಾನ ಕೊಳ್ಳುವ ಮುಂಚೆ ಹತ್ತಿರದಲ್ಲಿ ಬಟ್ಟೆ ಕೆಲಸ ಬಲ್ಲ ಹಳಬರು ಯಾರಾದರೂ ಇದ್ದಾರಾ ಅಂತ ನೋಡಿಕೊಳ್ಳಿ. ಇಲ್ಲವಾದರೆ ಬೇಡವೇ ಬೇಡ.

ಇಂಜಿನ್ ಕಾಂಟಿನೆಂಟಲ್ ಕಂಪನಿಯದು, 65 ಅಶ್ವಶಕ್ತಿ. ಈಗಿನ ಸಣ್ಣ ಕಾರಿನ ಆಸುಪಾಸು. ಆದರೆ ಗಾತ್ರ 2.8 ಲೀಟರ್! ನಿಮಿಷಕ್ಕೆ 2,300 ಸುತ್ತಿಗಿಂತ ಜಾಸ್ತಿ ತಿರುಗಿಸುವ ಹಾಗಿಲ್ಲ. ಮುಂದಿನ ಪಂಖ ನೇರ ಇಂಜಿನ್ನಿಗೇ ಕೂತಿದೆ, ಜೋರಾಗಿ ತಿರುಗಿದರೆ ಅದಕ್ಕೆ ಒಳ್ಳೆಯದಲ್ಲ. ನಿಧಾನ ತಿರುಗುವ ದೊಡ್ಡ ಇಂಜಿನ್ ಆದ್ದರಿಂದಲೇ ಇಷ್ಟು ಕಾಲ ಬಾಳುತ್ತದೆ. ಗಂಟೆಗೆ 16 ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಸುಮಾರು 130 ಕಿಲೋಮೀಟರ್ ಹೋಗುತ್ತದೆ. ಎದುರುಗಾಳಿ ಇದ್ದರೆ ಕೆಳಗೆ ಹೈವೇಯಲ್ಲಿ ಲಾರಿಗಳು ನಮ್ಮನ್ನು ಹಿಂದೆ ಹಾಕುತ್ತವೆ. ಎಷ್ಟೋ ಸಲ ಹಾಕಿವೆ. ಎಥೆನಾಲ್ ಸೇರದ ಮಾಮೂಲಿ ಪೆಟ್ರೋಲ್ ಹಾಕಲು ಅಲ್ಲಿ ಪ್ರತ್ಯೇಕ ಅನುಮತಿ ಪತ್ರ ಸಿಗುತ್ತದೆ, ನಮ್ಮದಕ್ಕೆ ಇತ್ತು. ನಮ್ಮ ಬಂಕ್‌ಗಳ ಈಗಿನ ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲನ್ನು ಇದರ ಟ್ಯಾಂಕಿಗೆ ತೋರಿಸಲೂ ಬಾರದು.

ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ, ದೀಪ ಇಲ್ಲ. ಕೈಯಲ್ಲೇ ಪಂಖ ಎಳೆದು ಚಾಲು ಮಾಡಬೇಕು. ಚಕ್ರಕ್ಕೆ ಅಡೆ ಇಟ್ಟು, ಬಾಲವನ್ನು ಹಗ್ಗದಿಂದ ಕಟ್ಟಿ, ಒಳಗೆ ಗೊತ್ತಿರುವವರೊಬ್ಬರು ಬ್ರೇಕ್ ಒತ್ತಿ ಕೂತಿರಬೇಕು. ಹೊರಗಿರುವವನು "ಸ್ವಿಚ್ ಆಫ್" ಅಂದರೆ ಒಳಗಿನವನೂ "ಆಫ್" ಅನ್ನಬೇಕು. ಬೆರಳು ಮಡಚಿ ಪಂಖ ಹಿಡಿಯಬಾರದು, ಅಂಗೈ ಚಪ್ಪಟೆ ಇಟ್ಟು ಕೆಳಗೆಳೆದು ಅದೇ ಬೀಸಿನಲ್ಲಿ ಹಿಂದಕ್ಕೆ ಸರಿಯಬೇಕು. ಸ್ವಿಚ್ ಆಫ್ ಇದ್ದರೂ ಇಂಜಿನ್ ಹತ್ತಿಕೊಳ್ಳಬಹುದು ಅಂತಲೇ ತಿಳಿದು ಮುಟ್ಟಬೇಕು. ಹಳೆಯ ಜಾವಾ ಕಿಕ್ ಹೊಡೆದಂತೆ ಅಂತ ಒಬ್ಬರಿಗೆ ಹೇಳಿದ್ದೆ, ತಪ್ಪು. ಜಾವಾ ತಿರುಗಿ ಒದ್ದರೆ ಕಾಲು ನೋಯುತ್ತದೆ ಅಷ್ಟೇ.

ಈಗ ಇದರ ಎರಡು ಕೆಟ್ಟ ಗುಣ.

ಒಂದು, ಇಳಿಯುವುದು. ಮೂರನೇ ಚಕ್ರ ಬಾಲದಲ್ಲಿದೆ, ತೂಕವೆಲ್ಲ ಮುಂದಿನ ಎರಡು ಚಕ್ರಗಳ ಹಿಂದೆ. ಟ್ರೇಲರ್ ಸಿಕ್ಕಿಸಿದ ಟಿಲ್ಲರ್ ರಿವರ್ಸ್ ತೆಗೆದಿದ್ದೀರಾ? ಒಂಚೂರು ಸೊಟ್ಟಗಾದರೆ ಮರುಕ್ಷಣ ಇನ್ನಷ್ಟು ಸೊಟ್ಟ, ಆಮೇಲೆ ಮಡಚಿಯೇ ಹೋಗುತ್ತದೆ. ಇದೂ ಅದೇ, ಆದರೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ. 2013ರ ಒಂದು ಮಧ್ಯಾಹ್ನ ಅಡ್ಡಗಾಳಿ ಇತ್ತು. ಚೆನ್ನಾಗಿಯೇ ಇಳಿಸಿದೆ. ಇಳಿದಾಯ್ತಲ್ಲ ಅಂತ ಕಾಲು ಸಡಿಲ ಬಿಟ್ಟೆ. ವಿಮಾನ ಬುಗುರಿಯ ಹಾಗೆ ಒಂದು ಸುತ್ತು ತಿರುಗಿ ಎಡ ರೆಕ್ಕೆಯ ತುದಿ ಹುಲ್ಲು ಕೆರೆಯಿತು. ನನಗೇನೂ ಆಗಲಿಲ್ಲ. ಮೊಣಕೈಯಷ್ಟು ಬಟ್ಟೆ ಹರಿಯಿತು. ಪಾಲುದಾರರು ಬಂದು ನೋಡಿದರು, ಬೈಯಲಿಲ್ಲ, ಕೈಗೆ ಕತ್ತರಿ ಕೊಟ್ಟರು. ನಾಲ್ಕು ಶನಿವಾರ ತೇಪೆ ಹಾಕುವುದರಲ್ಲಿ ಹೋಯಿತು.

ಎರಡನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ಸದ್ದಿಲ್ಲದೆ ಬರುತ್ತದೆ. ಜೂನ್ ತಿಂಗಳ ಬೆಳಿಗ್ಗೆ, ಹಿಂದಿನ ರಾತ್ರಿ ಮಳೆ ಬಿದ್ದಿತ್ತು, ಹೊರಗೆ 20 ಡಿಗ್ರಿ. ಹಾಯಾಗಿ ಹೋಗುತ್ತಿದ್ದೆ. ಇಂಜಿನ್ನಿನ ಸುತ್ತು 2,150 ಇದ್ದದ್ದು 2,050ಕ್ಕೆ ಇಳಿಯಿತು. ಥ್ರಾಟಲ್, ಅಂದರೆ ಇದರ ಆಕ್ಸಿಲರೇಟರ್, ಜಾರಿರಬೇಕು ಅಂತ ಸ್ವಲ್ಪ ಮುಂದೆ ತಳ್ಳಿದೆ. ಐದು ನಿಮಿಷಕ್ಕೆ ಮತ್ತೆ ಇಳಿಯಿತು. ಆಗ ಹೊಳೆಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟುತ್ತಿದೆ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಗಾಳಿಯ ಬಿಸಿ ಹೀರುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ. ಕಾರ್ಬುರೇಟರಿನ ಕಿರಿದಾದ ಕೊರಳಲ್ಲಿ ಗಾಳಿ ಇನ್ನಷ್ಟು ತಣ್ಣಗಾಗಿ, ಅದರ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲೂ ಆಗುತ್ತದೆ.

ಬಿಸಿ ಗಾಳಿ ಒಳಗೆ ಬಿಡುವ ಗುಂಡಿ ಎಳೆದೆ. ಸುತ್ತು ಇನ್ನೂ ಕುಸಿಯಿತು. ಕರಗಿದ ನೀರು ನುಂಗಿ ಇಂಜಿನ್ ಕೆಮ್ಮಿತು, ಇಡೀ ವಿಮಾನ ನಡುಗಿತು. ಕೈ ತಾನಾಗಿ ಗುಂಡಿಯನ್ನು ವಾಪಸ್ ತಳ್ಳಲು ಹೋಗುತ್ತದೆ. ತಳ್ಳಬಾರದು. ಹಲ್ಲು ಕಚ್ಚಿ ಕೂರಬೇಕು. ಅರ್ಧ ನಿಮಿಷ ಇರಬಹುದು. ಆಮೇಲೆ ಇಂಜಿನ್ ಏನೂ ಆಗಿಲ್ಲವೆಂಬಂತೆ ಮೊದಲಿನ ಶ್ರುತಿಗೆ ಬಂತು. ನಾನು ಮಾತ್ರ ಹತ್ತಿರದ ಹುಲ್ಲಿನ ರನ್‌ವೇಗೆ ಇಳಿಸಿ, ಒಂದು ಗಂಟೆ ರೆಕ್ಕೆಯ ನೆರಳಲ್ಲಿ ಕೂತಿದ್ದೆ.

ಹಾಗಾದರೆ ಒಳ್ಳೆಯದೇನೂ ಇಲ್ಲವಾ? ಇದೆ. ಊರಿಂದ ಊರಿಗೆ ಹೋಗಲು ಇದು ದಂಡ. ನೆಲ ನೋಡಲು ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ. ಸಂಜೆ ಆರಕ್ಕೆ ಗಾಳಿ ಸತ್ತ ಮೇಲೆ ಸಾವಿರ ಅಡಿ ಎತ್ತರದಲ್ಲಿ ಹೋಗುತ್ತಿದ್ದರೆ ಕೊಟ್ಟಿಗೆಗೆ ವಾಪಸಾಗುವ ದನಗಳ ಸಾಲು ಕಾಣುತ್ತದೆ. ಯಾರೋ ಎಲೆ ಸುಡುವ ವಾಸನೆ ಕಿಟಕಿಯಿಂದ ಬರುತ್ತದೆ. ಹೊಲದಲ್ಲಿರುವವರು ಕೈ ಬೀಸುತ್ತಾರೆ. ರೆಕ್ಕೆ ಅಲ್ಲಾಡಿಸಿದರೆ ಮತ್ತೆ ಬೀಸುತ್ತಾರೆ. ಎಷ್ಟು ಮಾಡಿದರೂ ಬೇಜಾರಾಗಲಿಲ್ಲ.

ಆದರೆ ಹಾರಿದ ಒಂದು ಗಂಟೆಗೆ ಎರಡು ಗಂಟೆ ಶೆಡ್ಡಿನಲ್ಲಿ ಕಳೆದಿದ್ದೇನೆ. ಆಯಿಲ್ ಒರೆಸುವುದು, ಇಲಿ ಗೂಡು ತೆಗೆಯುವುದು, ಗಾಳಿ ನಿಲ್ಲಲಿ ಅಂತ ಸುಮ್ನೆ ಕಾಯುವುದು. ತಿಂಗಳಿಗೆ 160 ಡಾಲರ್ ಶೆಡ್ ಬಾಡಿಗೆ ಇತ್ತು. ವಿಮಾನದ ಅರ್ಧ ಕೊಂಡೆ ಅಂತ ನಾನು ಹೇಳಿಕೊಂಡರೂ, ನಿಜವಾಗಿ ಕೊಂಡಿದ್ದು ಆ ಶೆಡ್ಡಿನ ಶನಿವಾರಗಳನ್ನು. ಅದು ಇಷ್ಟವಿದ್ದವರಿಗೆ ಮಾತ್ರ ಇದು. ನನ್ನ ಪಾಲುದಾರರಿಗೆ ಹಾರುವುದಕ್ಕಿಂತ ಅದೇ ಜಾಸ್ತಿ ಇಷ್ಟ ಇತ್ತು ಅಂತ ಅನುಮಾನ.

"ಇಲ್ಲಿಗೆ ತರಬಹುದಿತ್ತಲ್ಲ" ಅಂತ ಊರಲ್ಲಿ ಕೇಳುತ್ತಾರೆ. 2023ರಿಂದ ಶಿವಮೊಗ್ಗದ ಪಕ್ಕ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಅಲ್ಲಿನ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ, ಚೀಫ್‌ಗೆ ಅಷ್ಟೆಲ್ಲ ಬೇಕಾಗಿಯೇ ಇಲ್ಲ. ತೊಂದರೆ ರನ್‌ವೇ ದಾಟಿದ ಮೇಲೆ. ಸಾವಿರ ಅಡಿಯಲ್ಲಿ ಇಂಜಿನ್ ನಿಂತರೆ ಎರಡು ಕಿಲೋಮೀಟರ್ ಆಸುಪಾಸು ತೇಲುತ್ತದೆ. ಅಷ್ಟರೊಳಗೆ ಇಳಿಯಲು ಜಾಗ ಬೇಕು. ಒಹಾಯೋದಲ್ಲಿ ಕೆಳಗೆಲ್ಲ ಜೋಳ, ಸೋಯಾ ಹೊಲದ ಚೌಕಗಳು. ಇಲ್ಲಿ ಮಂಡಗದ್ದೆ ದಾಟಿದರೆ ಕಾಡು, ಗುಡ್ಡ, ಅಡಿಕೆ ತೋಟ. ಗದ್ದೆ ಸಿಕ್ಕರೂ ಕಣಿವೆಯಲ್ಲಿ, ಮೆಟ್ಟಿಲು ಮೆಟ್ಟಿಲು, ನಡುವೆ ಅಂಚು. ಅದರ ಮೇಲೆ ಆಗುಂಬೆಯ ಕಡೆಯಿಂದ ಬರುವ ತೇವದ ಗಾಳಿ, ಕಾರ್ಬುರೇಟರಿಗೆ ಹೇಳಿ ಮಾಡಿಸಿದ್ದು. ನಾನು ಹಾರಿಸುವುದಿಲ್ಲ.

ನೆಟ್‌ವರ್ಕ್ ಬಂದ ದಿನ ಹುಡುಗನಿಗೆ ಫೋನ್ ಮಾಡಿದೆ. ಮೊದಲು ಕಾನೂನು ಹೇಳಿದೆ. ಅಲ್ಲಿ ಸ್ವಂತ ಹೆಸರಿಗೆ ವಿಮಾನ ನೋಂದಾಯಿಸಲು ಆ ದೇಶದ ನಾಗರಿಕನಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ವಿದ್ಯಾರ್ಥಿ ವೀಸಾದಲ್ಲಿ ಆಗುವುದಿಲ್ಲ. ಟ್ರಸ್ಟ್ ಗಿಸ್ಟ್ ಅಂತ ಸುತ್ತುದಾರಿ ಇವೆಯಂತೆ ಅಂದ. ಸರಿ, ನಮ್ಮ ದೇಶದ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆಯಲ್ಲಿ ರಾತ್ರಿ ಹಾರಾಟ, ಉಪಕರಣ ನೋಡಿ ಹಾರುವುದು ಎಲ್ಲ ಬರುತ್ತದೆ, ದೀಪವೇ ಇಲ್ಲದ ಇದರಲ್ಲಿ ಹೇಗೆ ಮಾಡ್ತೀಯ ಅಂದೆ. ಉಳಿದ ಗಂಟೆ ಸಸ್ತಾದಲ್ಲಿ ಸೇರಿಸಬಹುದಲ್ಲ ಮಾವ ಅಂದ. ವಾದಕ್ಕೆ ಅವರಮ್ಮನ ಹಾಗೇ.

"ಆಯ್ತು, ತೂಕದ ಲೆಕ್ಕ ಕೇಳು. ಎಲ್ಲ ಸೇರಿ 567 ಕಿಲೋ ಮೀರುವ ಹಾಗಿಲ್ಲ. ಖಾಲಿ ವಿಮಾನವೇ ನಮ್ಮದು 340 ಇತ್ತು. ಟ್ಯಾಂಕ್ ತುಂಬಿದರೆ ಇನ್ನು 40. ಉಳಿಯೋದು 187 ಕಿಲೋ, ಇಬ್ಬರಿಗೆ, ಬಟ್ಟೆ ಚೀಲ ಸೇರಿ. ನಿನ್ನ ತೂಕ ಎಷ್ಟೀಗ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ತೊಂಬತ್ತಾರು" ಅಂದ.

"ನಿನ್ನ ಫ್ರೆಂಡು?"

"ಅವನು ನನಗಿಂತ ದಪ್ಪ ಮಾವ."