ಬಿಸಿಎಲ್-6 ನೋಡಲು ಮೂರು ಬಾಟಲಿಯ ಬಫರ್ ಕಿಟ್: ಮಡಿಕೇರಿಯಲ್ಲಿ ಬಳಸುವವರಿಗೆ

ಟಾನ್ಸಿಲ್‌ನಲ್ಲಿ ಟಿ ಕೋಶ ಫಾಲಿಕ್ಯುಲರ್ ಹೆಲ್ಪರ್ ಆಗಿ ಬಿ ಕೋಶದ ನೆರವಿಗೆ ನಿಲ್ಲಬೇಕಾದರೆ, ಜೀನ್‌ಗಳನ್ನು ನಿಯಂತ್ರಿಸುವ ಬಿಸಿಎಲ್-6 ಪ್ರೋಟೀನ್ ಬೇಕೇ ಬೇಕು. 2009ರಲ್ಲಿ ಇದು ಖಚಿತವಾಯಿತು. ಅದರ ಎದುರಾಳಿ ಬ್ಲಿಂಪ್-1 ಎಂಬ ಇನ್ನೊಂದು ಪ್ರೋಟೀನ್, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಎರಡೂ ಇರುವುದು ನ್ಯೂಕ್ಲಿಯಸ್ಸಿನಲ್ಲಿ. ಸೈಟೋಕೈನ್‌ಗೆ (ಕೋಶಗಳು ಹೊರಬಿಡುವ ಸಂದೇಶ ಪ್ರೋಟೀನ್) ಬಳಸುವ ಮಾಮೂಲಿ ಬಫರ್‌ನಲ್ಲಿ, ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿ ಅಲ್ಲಿಯವರೆಗೆ ಸರಿಯಾಗಿ ತಲುಪುವುದಿಲ್ಲ, ಈ ಕಿಟ್‌ನಲ್ಲಿ ತಲುಪುತ್ತದೆ. ಕಿಟ್ ಚೆನ್ನಾಗಿದೆ, ಜೊತೆಗೆ ಬರುವ ಚೀಟಿ ಮಾತ್ರ ಸಾಲದು.

ಅಳತೆ ಸುಲಭ. ಫಿಕ್ಸ್ (ಕೋಶವನ್ನು ಇದ್ದ ಸ್ಥಿತಿಯಲ್ಲೇ ಗಟ್ಟಿ ಮಾಡುವ) ಸಾಂದ್ರ ದ್ರಾವಣ 1 ಪಾಲು, ಅದನ್ನು ತೆಳುಮಾಡುವ ಡೈಲ್ಯೂಯೆಂಟ್ 3 ಪಾಲು. 10 ಟ್ಯೂಬಿಗೆ 2.5 ಮತ್ತು 7.5 ಮಿ.ಲೀ. ಅವತ್ತಿನದನ್ನು ಅವತ್ತೇ ಬೆರೆಸಿ. ಪರ್ಮ್ ಬಫರ್ (ಕೋಶದ ಪೊರೆಯಲ್ಲಿ ರಂಧ್ರ ಮಾಡುವ ದ್ರಾವಣ) 7 ಮಿ.ಲೀ.ಗೆ ಡಿಸ್ಟಿಲ್ಡ್ ವಾಟರ್ 63 ಮಿ.ಲೀ. ಹಾಕಿದರೆ 2 ಮಿ.ಲೀ.ನಂತೆ ಮೂರು ಸಲ ತೊಳೆಯಲು ಸಾಕು. ಫಿಕ್ಸ್‌ನಲ್ಲಿ ಫಾರ್ಮಾಲ್ಡಿಹೈಡ್ ಇದೆ, ಗ್ಲೌಸ್ ಬಿಡಬೇಡಿ.

ಟಾನ್ಸಿಲ್ ಅನ್ನು ಸಣ್ಣಗೆ ಕೊಚ್ಚಿ 70 ಮೈಕ್ರಾನ್ ಜಾಲರಿಯಲ್ಲಿ ಉಜ್ಜಿದರೆ ಆಯಿತು. ಎನ್‌ಜೈಮ್ ಬೇಡ, ಅದು ಕೆಲವು ಸರ್ಫೇಸ್ ಮಾರ್ಕರ್‌ಗಳನ್ನೇ (ಕೋಶದ ಗುರುತು ಹೇಳುವ ಹೊರಮೈ ಪ್ರೋಟೀನ್) ಕತ್ತರಿಸಿಹಾಕುತ್ತದೆ. ಸತ್ತ ಕೋಶದ ಡೈ, ಸಿಡಿ4, ಸಿಎಕ್ಸ್‌ಸಿಆರ್5, ಪಿಡಿ-1 ಎಂಬ ಸರ್ಫೇಸ್ ಮಾರ್ಕರ್‌ಗಳ ಆಂಟಿಬಾಡಿ ಎಲ್ಲವೂ ಫಿಕ್ಸ್‌ಗೆ ಮೊದಲೇ. ಸಿಎಕ್ಸ್‌ಸಿಆರ್5 ಐಸ್ ಮೇಲೆ ಮಂಕಾಗಿಯೇ ಬರುತ್ತದೆ. ಚೀಟಿಯಲ್ಲಿರುವ ‘ರೂಂ ಟೆಂಪರೇಚರ್’ ಮಡಿಕೇರಿಯ ಆಟಿ (ಜುಲೈ-ಆಗಸ್ಟ್) ಮಳೆಯ ಚಳಿಯಲ್ಲಿ ನಂಬುವಂಥದ್ದಲ್ಲ. 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ 15-20 ನಿಮಿಷ ಇಡಿ. ಆಮೇಲೆ ಕತ್ತಲೆಯಲ್ಲಿ 45 ನಿಮಿಷ ಫಿಕ್ಸ್, ತೊಳೆತ, ಬಿಸಿಎಲ್-6 ಆಂಟಿಬಾಡಿ. ಈ ಆಂಟಿಬಾಡಿಯನ್ನು ಪರ್ಮ್ ಬಫರ್‌ನಲ್ಲೇ ಹಾಕಬೇಕು. ಸಾದಾ ಬಫರ್‌ಗೆ ಬಂದರೆ ಪರ್ಮ್ ಬಫರ್‌ನಲ್ಲಿರುವ ಸಪೋನಿನ್ ಮಾಡಿದ ರಂಧ್ರ ಮತ್ತೆ ಮುಚ್ಚಿಕೊಳ್ಳುತ್ತದೆ.

ಹೆಚ್ಚು ಕೆಡುವುದು ತೊಳೆಯುವಾಗ. ಫಿಕ್ಸ್ ಆದ ಕೋಶ ಸೆಂಟ್ರಿಫ್ಯೂಜ್‌ನ 300 ಜಿ (ಗುರುತ್ವದ 300 ಪಟ್ಟು) ಬಲದಲ್ಲಿ ಸರಿಯಾಗಿ ಕೂರುವುದಿಲ್ಲ. ಪೆಲೆಟ್ (ತಳದಲ್ಲಿ ಕೂತ ಕೋಶ) ಕಣ್ಣಿಗೆ ಕಾಣದಷ್ಟು ತೆಳುವಾಗಿ ಬಫರ್ ಜೊತೆಗೇ ಸಿಂಕ್‌ಗೆ ಹೋಗುತ್ತದೆ. 600 ಜಿ, 5 ನಿಮಿಷ ತಿರುಗಿಸಿ. ಟ್ಯೂಬನ್ನು ಒಂದೇ ಸಲ ಬಗ್ಗಿಸಿ, ಕೊಡವಬೇಡಿ.

ಫ್ಲೋ ಸೈಟೋಮೀಟರ್‌ನಲ್ಲಿ (ಒಂದೊಂದೇ ಕೋಶದ ಹೊಳಪು ಅಳೆಯುವ ಯಂತ್ರ) ಫಲಿತಾಂಶ ನೋಡುವಾಗ ಅದೇ ಟ್ಯೂಬಿನ ನೈವ್ (ಇನ್ನೂ ಪ್ರಚೋದನೆಗೊಳ್ಳದ) ಟಿ ಕೋಶವೇ ನೆಗೆಟಿವ್ ಕಂಟ್ರೋಲ್. ಸಿಎಕ್ಸ್‌ಸಿಆರ್5, ಪಿಡಿ-1 ಎರಡೂ ಹೆಚ್ಚಿರುವ ಗುಂಪು ಬಿಸಿಎಲ್-6 ಗ್ರಾಫಿನಲ್ಲಿ ಅದಕ್ಕಿಂತ ಬಲಕ್ಕೆ, ಎಂದರೆ ಹೆಚ್ಚು ಹೊಳಪಿನ ಕಡೆಗೆ, ಸರಿದಿರಬೇಕು. ಜರ್ಮಿನಲ್ ಸೆಂಟರ್‌ನ (ಟಾನ್ಸಿಲ್‌ನೊಳಗೆ ಬಿ ಕೋಶಗಳು ಪಳಗುವ ಜಾಗ) ಬಿ ಕೋಶದಲ್ಲೂ ಬಿಸಿಎಲ್-6 ಧಾರಾಳವಾಗಿರುತ್ತದೆ. ಅದೂ ಮಂಕಾಗಿದ್ದರೆ ಮೊದಲು ಸ್ಟೇನಿಂಗ್ ಅನ್ನೇ ಅನುಮಾನಿಸಿ, ಟಿಶ್ಯೂವನ್ನಲ್ಲ.

ಕುಶಾಲನಗರ ದಾಟಿ ಬರುವ ಪಾರ್ಸೆಲ್‌ನಲ್ಲಿ ಐಸ್ ಪ್ಯಾಕ್ ಇನ್ನೂ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ ಸಹಿ ಹಾಕಿ. ಕಿಟ್ ಇರಬೇಕಾದ್ದು 2-8 ಡಿಗ್ರಿಯಲ್ಲಿ, ಫ್ರಿಜ್ಜಿನ ಹಿಂಗೋಡೆಗೆ ತಾಗಿಸಿದರೆ ಹೆಪ್ಪುಗಟ್ಟೀತು. ಪರ್ಮ್ ಬಾಟಲಿಯಲ್ಲಿ ಬಿಳಿ ಗಸಿ ಕಂಡರೆ ಸೋಸಿ ಬಳಸಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಕಡೆ ದೊಡ್ಡ ಪ್ಯಾಕ್ ತರಿಸಬೇಡಿ.