ಒಸಾಕಾದ ಸೆಕೆಗೆ ಯಾವ ಜಾಕೆಟ್? ಕೆಂಪು ಸಿಗ್ನಲ್‌ನಲ್ಲಿ ನಿಂತು ನೋಡಿದ್ದು

ನಾನು ಕಲಬುರಗಿಯವನು. ಮೇ ತಿಂಗಳ 42 ಡಿಗ್ರಿಯಲ್ಲಿ ಬೈಕ್ ಓಡಿಸಿ ಬೆಳೆದವನು. ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡರೆ ಎಷ್ಟು ದೂರ ಬೇಕಾದರೂ ಹೋಗುತ್ತಿದ್ದೆ. ಆದರೆ ಒಸಾಕಾಕ್ಕೆ ಬಂದ ಮೊದಲ ಆಗಸ್ಟ್‌ನಲ್ಲಿ ಬರೀ 36 ಡಿಗ್ರಿಗೆ ತಲೆ ತಿರುಗಿತು. ಯೊದೊಯಾಬಾಶಿ ಹತ್ತಿರ ಬೈಕನ್ನು ಪಕ್ಕಕ್ಕೆ ತಳ್ಳಿ, ಹೆಲ್ಮೆಟ್ ಕಳಚಿ, ಗಿಂಕೊ ಮರದ ಬುಡದಲ್ಲಿ ಕಾಲು ಗಂಟೆ ಕೂತುಬಿಟ್ಟೆ.

ಆಮೇಲೆ ಅರ್ಥವಾಯಿತು. ನಮ್ಮೂರದ್ದು ಬಿಸಿಲು, ಇಲ್ಲಿನದು ಸೆಕೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನವರು ಇದಕ್ಕೆ 'ಮುಶಿಅತ್ಸುಯಿ' ಅನ್ನುತ್ತಾರೆ, ಹಬೆಯಲ್ಲಿ ಬೇಯಿಸಿದಂಥ ಸೆಕೆ ಅಂತ. ಜಪಾನಿನಲ್ಲಿ ಬೇಸಿಗೆಯ ಎಚ್ಚರಿಕೆ ಕೊಡುವುದೂ ಬರೀ ತಾಪಮಾನ ನೋಡಿ ಅಲ್ಲ. ಡಬ್ಲ್ಯುಬಿಜಿಟಿ ಅನ್ನುವ, ಸೆಕೆ ಅಳೆಯುವ ಸೂಚ್ಯಂಕ ಇದೆ. ಅದರ 10 ಪಾಲಿನಲ್ಲಿ 7 ಪಾಲು ಗಾಳಿಯ ತೇವವನ್ನೂ ತೋರಿಸುವ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ದು, 2 ಪಾಲು ಬಿಸಿಲಿನ ಝಳದ್ದು, ಗಾಳಿಯ ತಾಪಮಾನಕ್ಕೆ 1 ಪಾಲು ಅಷ್ಟೇ. ಇದು 33 ಮುಟ್ಟುವ ಅಂದಾಜಿದ್ದರೆ ಎಚ್ಚರಿಕೆ ಬರುತ್ತದೆ. 2021ರಿಂದ ಇಡೀ ದೇಶದಲ್ಲಿ ಈ ಪದ್ಧತಿ ಇದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಬರುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ.

ಎರಡು ಬೇಸಿಗೆಗಳಲ್ಲಿ ಮೂರು ದಾರಿ ಪ್ರಯತ್ನಿಸಿದೆ: ನೀರಿನಲ್ಲಿ ನೆನೆಸುವ ವೆಸ್ಟ್, ಫ್ಯಾನ್ ಇರುವ ವೆಸ್ಟ್, ಐಸ್ ನೀರು ಸುತ್ತುವ ವೆಸ್ಟ್. ಬೈಕ್ 250 ಸಿಸಿಯದು. ಪೇಟೆಯೊಳಗೆ ಓಡಿಸಿದ ರಸ್ತೆ ಯಾವಾಗಲೂ ಒಂದೇ. ಪೇಟೆಯ ಉತ್ತರಕ್ಕಿರುವ ಎಸಾಕಾದಿಂದ ಶಿನ್ ಮಿದೋಸುಜಿ ರಸ್ತೆ ಹಿಡಿದು, ಯೊದೊ ನದಿ ದಾಟಿ ಉಮೆದಾಕ್ಕೆ. ಅಲ್ಲಿಂದ ಮಿದೋಸುಜಿ ರಸ್ತೆಯಲ್ಲಿ ನಂಬಾ, ಆಮೇಲೆ ತೆನ್ನೋಜಿ. ಉಮೆದಾದವರೆಗೆ ಗಾಳಿ ಚೆನ್ನಾಗಿ ಸಿಗುತ್ತದೆ. ಪರೀಕ್ಷೆ ಶುರುವಾಗುವುದು ಅಲ್ಲಿಂದ ಮುಂದೆ.

ಮಿದೋಸುಜಿ ಸುಮಾರು 4 ಕಿಲೋಮೀಟರ್ ಉದ್ದ, 44 ಮೀಟರ್ ಅಗಲ, ದಕ್ಷಿಣಕ್ಕೆ ಮಾತ್ರ ಹೋಗುವ ಒನ್‌ವೇ. ಸಾಲಾಗಿ ಗಿಂಕೊ ಮರಗಳಿವೆ, ನಿಜ. ಆದರೆ ಮಧ್ಯಾಹ್ನ ಅವುಗಳ ನೆರಳು ನಡುವಿನ ಲೇನ್‌ಗಳಿಗೆ ತಲುಪುವುದಿಲ್ಲ. ಒಂದು ದಿನ ಗಡಿಯಾರ ನೋಡಿ ಲೆಕ್ಕ ಹಾಕಿದೆ. ಉಮೆದಾದಿಂದ ನಂಬಾಕ್ಕೆ 24 ನಿಮಿಷ ಹಿಡಿಯಿತು, ಅದರಲ್ಲಿ 11 ನಿಮಿಷ ನಿಂತೇ ಇದ್ದೆ. ಹೀಗೆ ನಿಂತಾಗ ರೇಡಿಯೇಟರ್ ಫ್ಯಾನ್ ಶುರುವಾಗಿ ಬಿಸಿ ಗಾಳಿಯನ್ನು ಮೊಣಕಾಲಿಗೆ ಊದುತ್ತದೆ. ಪಕ್ಕದ ಟ್ಯಾಕ್ಸಿಯ ಎಸಿ ಕಕ್ಕುವ ಬಿಸಿ ಇನ್ನೊಂದು ಕಾಲಿಗೆ. ಕೆಳಗಿನ ಡಾಂಬರು ಸುಡುತ್ತಿರುತ್ತದೆ. ಓಡುವಾಗ ಯಾವ ಜಾಕೆಟ್ ಆದರೂ ತಂಪೇ. ಕೆಂಪು ದೀಪದಲ್ಲಿ ಯಾವುದು ಕೆಲಸ ಮಾಡುತ್ತದೆ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಮೆಶ್ ಜಾಕೆಟ್, ಅಂದರೆ ಜಾಲರಿ ಬಟ್ಟೆಯ ಬೈಕ್ ಜಾಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ನಾನು ಹೋಲಿಕೆಯಲ್ಲೇ ಸೇರಿಸಿಲ್ಲ, ಅದು ಇರಲೇಬೇಕು. ಭುಜ, ಮೊಣಕೈ, ಬೆನ್ನಿಗೆ ಪ್ಯಾಡ್ ಇದ್ದು, ಮುಂದೆ ಹಿಂದೆ ಗಾಳಿ ತೂರುವಂತಿದ್ದರೆ ಸಾಕು. ಒಳಗೆ ಹತ್ತಿ ಬನಿಯನ್ ಬೇಡ. ಅದು ಬೆವರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ. ಬೇಗ ಆರುವ ತೆಳು ಇನ್ನರ್ ಹಾಕಿ.

ನೆನೆಸುವ ವೆಸ್ಟ್ ಮೇಲೆ ನನಗೆ ತುಂಬ ಆಸೆ ಇತ್ತು. ಮಡಕೆಯ ನೀರು ಕುಡಿದು ಬೆಳೆದವರಿಗೆ ಇದರ ಗುಟ್ಟು ಗೊತ್ತು. ಮಡಕೆಯ ಮೈಯಿಂದ ಜಿನುಗಿದ ನೀರು ಆರುವಾಗ ಅದರ ಬಿಸಿಯನ್ನು ಹೊತ್ತೊಯ್ಯುತ್ತದೆ. ಅರ್ಧ ಲೀಟರ್ ನೀರು ಪೂರ್ತಿ ಆರಿದರೆ ಸುಮಾರು 1,200 ಕಿಲೋಜೂಲ್ ಶಾಖ ಹೋಗುತ್ತದೆ. ಅಷ್ಟೇ ತೂಕದ ಐಸ್ ಕರಗಿ ಮೈಯ ಬಿಸಿಗೆ ಬರುವಷ್ಟರಲ್ಲಿ ಹೀರುವುದು ಅದರ ಐದನೇ ಒಂದು ಪಾಲು, ಸುಮಾರು 230. ಕಾಗದದ ಮೇಲೆ ನೀರೇ ಗೆಲ್ಲಬೇಕು.

ಅಡುಗೆಮನೆಯ ತಕ್ಕಡಿಯಲ್ಲಿ ವೆಸ್ಟನ್ನು ತೂಗಿ ನೋಡಿದೆ. ಕೋಬೆ ಕಡೆ ಎಕ್ಸ್‌ಪ್ರೆಸ್‌ವೇಯಲ್ಲಿ 50 ನಿಮಿಷ ಓಡಿಸಿದ ದಿನ 310 ಗ್ರಾಂ ನೀರು ಆರಿತ್ತು. ಎದೆ ನಿಜಕ್ಕೂ ತಣ್ಣಗಿತ್ತು. ಮಿದೋಸುಜಿಯಲ್ಲಿ ಅಷ್ಟೇ ಹೊತ್ತು ಹೋದ ದಿನ ಆರಿದ್ದು 90 ಗ್ರಾಂ. ಉಳಿದ ನೀರೆಲ್ಲ ಬೆಚ್ಚಗಾಗಿ ಹೊಟ್ಟೆಯ ಮೇಲೆ ಕೂತಿತ್ತು. ಸಿಗ್ನಲ್‌ನಲ್ಲಿ ನಿಂತು ಎರಡನೇ ನಿಮಿಷಕ್ಕೆ ಅದು ಬಿಸಿ ಒದ್ದೆ ಬಟ್ಟೆ, ಬೇರೇನೂ ಅಲ್ಲ. ನನ್ನ ಬೆವರು ಆರುವುದಕ್ಕೂ ಅದು ಬಿಡಲಿಲ್ಲ. ಕಲಬುರಗಿಗೆ ಹೇಳಿ ಮಾಡಿಸಿದ ವಸ್ತು ಇದು. ಒಸಾಕಾ ಪೇಟೆಗೆ ಬೇಡ.

ಫ್ಯಾನ್ ವೆಸ್ಟ್ ಇಲ್ಲಿ ಬೇಸಿಗೆಯ ಸಾಮಾನ್ಯ ನೋಟ. ಕಟ್ಟಡ ಕೆಲಸದವರ ಬೆನ್ನು ಗಾಳಿ ತುಂಬಿ ಉಬ್ಬಿಕೊಂಡಿರುತ್ತದೆ, ಸೊಂಟದ ಹಿಂದೆ ಎರಡು ಫ್ಯಾನ್ ಗುಯ್‌ಗುಡುತ್ತಿರುತ್ತವೆ. ಹೊರಗಿನ ಗಾಳಿಯನ್ನು ಎಳೆದು, ಮೈಮೇಲೆ ಹರಿಸಿ, ಕುತ್ತಿಗೆ ಮತ್ತು ತೋಳಿನಿಂದ ಹೊರಗೆ ಬಿಡುತ್ತವೆ. ಬೈಕ್ ನಿಂತರೂ ಗಾಳಿ ನಿಲ್ಲುವುದಿಲ್ಲ ಅಲ್ವಾ? ಕೆಂಪು ದೀಪದಲ್ಲಿ ಇದು ಚೆನ್ನಾಗಿ ಕೆಲಸ ಮಾಡಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಕಾಲರ್‌ನಿಂದ ಬಂದ ಗಾಳಿ ಗಲ್ಲದ ಕೆಳಗೆ, ಹೆಲ್ಮೆಟ್ ಒಳಗೂ ಸ್ವಲ್ಪ ನುಗ್ಗಿತು.

ಆದರೆ ಇದನ್ನು ಮೆಶ್ ಜಾಕೆಟ್ ಒಳಗೆ ಹಾಕಿದರೆ ಉಬ್ಬಲು ಜಾಗ ಇಲ್ಲ, ಫ್ಯಾನ್‌ಗೆ ಗಾಳಿ ಎಳೆಯಲು ಆಗುವುದಿಲ್ಲ. ಜಾಕೆಟ್ ಬಿಟ್ಟು ಇದೊಂದನ್ನೇ ಹಾಕಿದರೆ ಪ್ಯಾಡ್ ಇಲ್ಲ. ಎದೆ, ಬೆನ್ನಿನ ಗಾರ್ಡ್ ಕಟ್ಟಿ ಅದರ ಮೇಲೆ ಹಾಕಿಯೂ ನೋಡಿದೆ. ಗಾಳಿ ಗಾರ್ಡ್ ಮೇಲೆಯೇ ಹರಿದುಹೋಯಿತು, ಮೈಗೆ ತಾಗಲಿಲ್ಲ. ಶಿನ್ ಮಿದೋಸುಜಿಯಲ್ಲಿ 60ಕ್ಕೆ ಹೋಗುವಾಗ ವೆಸ್ಟ್ ಪಟಪಟ ಬಡಿದು ಕಾಲರ್ ಕುತ್ತಿಗೆಯನ್ನು ಎಳೆಯಿತು. ಬೆನ್ನಿಗೆ ಬ್ಯಾಗ್ ಹಾಕುವ ಹಾಗೂ ಇಲ್ಲ. ನಡೆಯುವವರಿಗೆ, ನಿಂತು ಕೆಲಸ ಮಾಡುವವರಿಗೆ ಇದು ಒಳ್ಳೆಯದು. ಬೈಕ್ ಓಡಿಸುವವರಿಗೆ ಇದನ್ನು ಹಾಕಿ ಅನ್ನಲಾರೆ. ಬಿದ್ದರೆ ಚರ್ಮ ಹೋಗುತ್ತದೆ. ಸೆಕೆಗೆ ಹೆದರಿ ಪ್ಯಾಡ್ ಬಿಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಕೊನೆಗೆ ಐಸ್ ವೆಸ್ಟ್. ತೆಳ್ಳಗಿನ ವೆಸ್ಟ್ ತುಂಬ ಸಣ್ಣ ಪೈಪ್‌ಗಳು, ಒಂದು ಪುಟ್ಟ ನೀರಿನ ಚೀಲ, ಒಂದು ಪಂಪ್, ಬ್ಯಾಟರಿ. ಹೆಪ್ಪುಗಟ್ಟಿದ ಅರ್ಧ ಲೀಟರ್ ಬಾಟಲಿಯನ್ನು ಚೀಲದೊಳಗೆ ಇಟ್ಟು ಒಂದು ಲೋಟ ನೀರು ಸುರಿದರೆ, ಆ ತಣ್ಣೀರು ಎದೆ ಬೆನ್ನು ಸುತ್ತಿ ಬರುತ್ತದೆ. ಮೆಶ್ ಜಾಕೆಟ್ ಒಳಗೆ ಆರಾಮಾಗಿ ಹಿಡಿಸುತ್ತದೆ. ಗಾಳಿ ಬೇಕಿಲ್ಲ, ತೇವದ ಚಿಂತೆಯೂ ಇಲ್ಲ. ಮೊದಲ ದಿನ ಮಿದೋಸುಜಿಯ ಹೊಮ್ಮಾಚಿ ಸಿಗ್ನಲ್‌ನಲ್ಲಿ ಪಂಪ್ ಒತ್ತಿದೆ. ಮೊದಲು ಗುಳುಗುಳು ಸದ್ದು. ಹತ್ತು ಸೆಕೆಂಡಿನಲ್ಲಿ ಎಡ ಪಕ್ಕೆಯಿಂದ ಒಂದು ತಣ್ಣನೆಯ ಗೆರೆ ಹೊರಟು ಬೆನ್ನುಹುರಿ ದಾಟಿ ಬಲಕ್ಕೆ ಬಂತು. ಉಸಿರು ತಾನಾಗಿ ಉದ್ದವಾಯಿತು. ಒಸಾಕಾದ ಆಗಸ್ಟ್‌ನಲ್ಲಿ ಕೆಂಪು ದೀಪ ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿದ್ದು ಅದೇ ಮೊದಲು.

ಪಂಪ್ ಬಿಡದೆ ಓಡಿಸಿದರೆ ಐಸ್ 45 ನಿಮಿಷಕ್ಕೆ ಮುಗಿಯಿತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ನಿಂತಾಗ ಆನ್, ಹೊರಟಾಗ ಆಫ್. ಓಡುವಾಗಿನ ಗಾಳಿಯ ಕೆಲಸವನ್ನು ಮೆಶ್ ನೋಡಿಕೊಳ್ಳುತ್ತದೆ. ಹೀಗೆ ಒಂದು ಗಂಟೆ 20 ನಿಮಿಷ ಬಂತು. ಐಸ್ ಮುಗಿದರೂ ಪರವಾಗಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಐಸ್‌ಕ್ರೀಮ್ ಪೆಟ್ಟಿಗೆಯ ಪಕ್ಕ ಹೆಪ್ಪುಗಟ್ಟಿದ ಬಾಟಲಿಗಳನ್ನೇ ಮಾರುತ್ತಾರೆ. ಬಾರ್ಲಿ ಚಹಾದ ಬಾಟಲಿ ತಗೊಳ್ಳಿ. ಚೀಲದಲ್ಲಿ ಕರಗಿದ ಮೇಲೆ ಕುಡಿಯಬಹುದು.

ತೊಂದರೆ ಇಲ್ಲ ಅಂತಲ್ಲ. ಭಾರ ಒಂದು ಕಿಲೋ ಮೇಲಿದೆ. ನನ್ನದರಲ್ಲಿ ಚೀಲ ಬೆನ್ನಿನ ನಡುವೆ ಇತ್ತು. ಬಿದ್ದರೆ ಗಟ್ಟಿ ಬಾಟಲಿ ಬೆನ್ನುಮೂಳೆಗೆ ಹೊಡೆಯುತ್ತದೆ ಅನ್ನುವ ಭಯಕ್ಕೆ ಅದನ್ನು ಬೈಕಿನ ಟ್ಯಾಂಕ್ ಬ್ಯಾಗ್‌ಗೆ ಬದಲಾಯಿಸಿ, ಎಳೆದರೆ ಕಳಚುವ ಉದ್ದ ಪೈಪ್ ಹಾಕಿಸಿದೆ. ಕೊಳ್ಳುವವರು ಇದನ್ನು ಮೊದಲೇ ನೋಡಿ. ವೆಸ್ಟ್ ಮೈಗೆ ಬಿಗಿಯಾಗಿರಬೇಕು, ಸಡಿಲ ಇದ್ದರೆ ತಂಪು ಚರ್ಮಕ್ಕೆ ತಲುಪುವುದೇ ಇಲ್ಲ.

ಕುತ್ತಿಗೆಗೆ ಹಾಕುವ ರಿಂಗ್ ಬಗ್ಗೆ ತುಂಬ ಜನ ಕೇಳುತ್ತಾರೆ, ಒಳಗಿನ ದ್ರವ 28 ಡಿಗ್ರಿಯ ಕೆಳಗೆ ಗಟ್ಟಿಯಾಗಿ, ಕರಗುವಾಗ ಕುತ್ತಿಗೆಯನ್ನು ತಂಪು ಮಾಡುತ್ತದಲ್ಲ, ಅದು. ಬೈಕ್ ಮೇಲೆ ಅರ್ಧ ಗಂಟೆಯೂ ಬರುವುದಿಲ್ಲ, ಹೆಲ್ಮೆಟ್ ಪಟ್ಟಿಗೂ ಅಡ್ಡ ಬರುತ್ತದೆ. ಬಿಡಿ.

ಈಗ ಜುಲೈ, ಆಗಸ್ಟ್‌ನಲ್ಲಿ ಪೇಟೆಯೊಳಗೆ ಮೆಶ್ ಮತ್ತು ಐಸ್. ನೆನೆಸುವ ವೆಸ್ಟನ್ನು ಎಸೆದಿಲ್ಲ. ಸಿಗ್ನಲ್ ಕಡಿಮೆ ಇರುವ ಕೋಯಾಸಾನ್ ಬೆಟ್ಟದ ದಾರಿಗೆ ಅದನ್ನೇ ಹಾಕುತ್ತೇನೆ. ಬ್ಯಾಟರಿ ಬೇಡ, ಎಲ್ಲಾದರೂ ನಲ್ಲಿ ಸಿಕ್ಕರೆ ಮತ್ತೆ ನೆನೆಸಬಹುದು. ಸುಮಾರು 800 ಮೀಟರ್ ಎತ್ತರಕ್ಕೆ ಹತ್ತಿದ ಮೇಲೆ, ಜಪಾನಿ ಸೀಡರ್ ಮರಗಳ ನೆರಳಿನಲ್ಲಿ, ಅದು ನಮ್ಮೂರ ಒದ್ದೆ ಟವೆಲ್‌ನಷ್ಟೇ ಹಿತವಾಗಿರುತ್ತದೆ.